ನಾದದ ಪಾಠಾಂತರಗಳು

ಲಂಡನ್ನಿನ ಹೋಬರ್ನ್ ಭಾಗದಲ್ಲಿದ್ದ ಕಿಂಗ್ಸ್‌ವೇ ಹಾಲ್ ಎಂಬ ಮೆಥಡಿಸ್ಟರ ಸಭಾಮಂದಿರವು ತನ್ನ ಅನುರಣನದ ಸೊಗಸಿನಿಂದ ಅರ್ಧಶತಮಾನಕ್ಕೂ ಮಿಕ್ಕಿ ಧ್ವನಿಮುದ್ರಕರ ಪ್ರೀತಿಗೆ ಪಾತ್ರವಾಗಿದ್ದಿತು. ಆದರೆ ಅದರ ತಳದಲ್ಲಿ ಪಿಕಡಿಲಿ ಮಾರ್ಗದ ಭೂಗರ್ಭ ರೈಲು ಹಾದುಹೋಗುತ್ತಿದ್ದುದರಿಂದ, ವಾದ್ಯವೃಂದವು ಮೆಲ್ಲನೆ ನುಡಿಸುವ ಗಳಿಗೆಗಳಲ್ಲಿ ಅತಿಮಂದ್ರವಾದೊಂದು ಕಂಪನವು ಅಲ್ಲಿ ಮುದ್ರಿತವಾದ ಎಷ್ಟೋ ಗ್ರಾಮಫೋನ್ ತಟ್ಟೆಗಳೊಳಗೆ ಸೇರಿಹೋಗಿದೆ. ಅದೇ ಕೃತಿ, ಅದೇ ದಿನದ ಅದೇ ಟೇಪು; ಆದರೂ ಒಂದು ಅಚ್ಚಿನಲ್ಲಿ ಆ ರೈಲು ಕೇಳಿಸುವುದು, ಇನ್ನೊಂದರಲ್ಲಿ ಕೇಳಿಸದು. ರೈಲಿಲ್ಲದ ಅಚ್ಚೇ ನಿರ್ಮಲವೆಂದು ಮೊದಲ ಕೇಳ್ಮೆಗೆ ತೋರಬಹುದು. ಆದರೆ ತಾಳ್ಮೆಯಿಂದ ಎರಡನ್ನೂ ಹಾಕಿ ಆಲಿಸಿದಾಗ, ರೈಲನ್ನು ಸೋಸಿದ ಕೈಯೇ ಡಬಲ್ ಬಾಸ್ ವಾದ್ಯಗಳ ಗಾಂಭೀರ್ಯವನ್ನೂ, ಆ ವಿಶಾಲ ಮಂದಿರದ ಗಾಳಿಯನ್ನೂ ಸೋಸಿಬಿಟ್ಟಿರುವುದು ಗೋಚರವಾಗುತ್ತದೆ.

ಒಂದೇ ಸಂಗೀತದ ಬೇರೆಬೇರೆ ಅಚ್ಚುಗಳನ್ನು ಹುಡುಕಿ, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕೇಳುವ ಈ ಉದ್ಯೋಗವನ್ನು ಶ್ರೀಮಂತರ ಚಪಲವೆಂದು ತಳ್ಳಿಹಾಕುವವರಿದ್ದಾರೆ. ನನಗಾದರೋ ಅದು ಗ್ರಂಥಸಂಪಾದಕನ ಕಾರ್ಯಕ್ಕೆ ಸಮೀಪವಾದುದಾಗಿ ಕಾಣುತ್ತದೆ. ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸುವವನು ಓಲೆಗರಿಯ ಪ್ರತಿಗಳನ್ನೆಲ್ಲ ಮುಂದಿಟ್ಟುಕೊಂಡು, ಯಾವುದು ಯಾವುದರ ಪ್ರತಿ, ಯಾವ ಲಿಪಿಕಾರನ ಕೈಯಲ್ಲಿ ಅಕ್ಷರ ಜಾರಿತು, ಯಾವನು ತನಗೆ ತೋಚಿದಂತೆ ತಿದ್ದಿದನು ಎಂದು ನಿಷ್ಕರ್ಷಿಸುವಂತೆಯೇ, ತಟ್ಟೆಯನ್ನು ಪರೀಕ್ಷಿಸುವವನೂ ಮೂಲದ ಟೇಪಿಗೆ ಯಾವುದು ಹತ್ತಿರ, ಯಾವುದು ದೂರ ಎಂದು ವಿಚಾರಿಸತಕ್ಕದ್ದು. ಅತ್ಯಂತ ಹಳೆಯ ಪ್ರತಿಯೇ ಅತ್ಯಂತ ಶುದ್ಧವಾಗಿರಬೇಕೆಂಬ ನಿಯಮವು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ನಮ್ಮ ಕೈಗೆ ಬರುವ ತಟ್ಟೆಯು ಪ್ರತಿಯ ಪ್ರತಿಯ ಪ್ರತಿ. ಮೊದಲು ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ನೈಟ್ರೋಸೆಲ್ಯುಲೋಸಿನ ಮೃದುವಾದ ಲೇಪವನ್ನಿತ್ತು, ಟೇಪಿನ ನಾದವನ್ನು ಅದರಲ್ಲಿ ಗೀರಾಗಿ ಕೊರೆಯುವರು. ಆ ಬಿಲ್ಲೆಗೆ ಬೆಳ್ಳಿಯನ್ನು ಸಿಂಪಡಿಸಿ, ವಿದ್ಯುತ್ತಿನ ನೆರವಿನಿಂದ ನಿಕ್ಕಲ್ ಲೋಹವನ್ನು ಬೆಳೆಯಿಸಿ ಬಿಡಿಸಿದರೆ ದೊರೆಯುವುದು ‘ತಂದೆ’, ತಂದೆಯಿಂದ ‘ತಾಯಿ’, ತಾಯಿಯಿಂದ, ಬಿಸಿ ವಿನೈಲನ್ನು ಒತ್ತುವ ‘ಸ್ಟ್ಯಾಂಪರ್’. ಸ್ಟ್ಯಾಂಪರಿನ ಆಯುಸ್ಸು ಅಲ್ಪ. ಸಾವಿರದ ಆಸುಪಾಸಿನ ತಟ್ಟೆಗಳನ್ನು ಒತ್ತುವಷ್ಟರಲ್ಲಿ ಅದರ ಸೂಕ್ಷ್ಮವಾದ ಏಣುಗಳು ಸವೆಯತೊಡಗುತ್ತವೆ. ಮೊದಲು ಬಿದ್ದ ತಟ್ಟೆಗೂ ಕಡೆಗೆ ಬಿದ್ದ ತಟ್ಟೆಗೂ ಹೊದಿಕೆ ಒಂದೇ, ಬೆಲೆ ಒಂದೇ; ತಾರಸ್ಥಾಯಿಯ ಹೊಳಪು ಮಾತ್ರ ಒಂದೇ ಅಲ್ಲ.

ಇವೆಲ್ಲಕ್ಕಿಂತಲೂ ಮಿಗಿಲಾದ ಭೇದವು ಕೊರೆಯುವವನ ಕೈಯದು. ಗೀರನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಬೇಕು, ಹಾಡಿಸುವಾಗ ಅದನ್ನು ವಿಲೋಮವಾಗಿ ಸರಿಪಡಿಸಬೇಕು. ಇದಕ್ಕೆ 1954ರಲ್ಲಿ ಅಮೆರಿಕೆಯ ತಟ್ಟೆ ತಯಾರಕರ ಸಂಘವು ಒಂದು ಸರ್ವಸಮ್ಮತವಾದ ಕ್ರಮವನ್ನು ಗೊತ್ತುಮಾಡಿತು. ಆದರೆ ಆ ಕ್ರಮದೊಳಗೆ ಎಷ್ಟು ಬಾಸ್ ಬಿಡುವುದು, ಎಷ್ಟು ಗಟ್ಟಿಯಾಗಿ ಕೊರೆಯುವುದು, ತಟ್ಟೆಯ ಒಳಗಂಚಿಗೆ ಎಷ್ಟು ಸಮೀಪಕ್ಕೆ ಹೋಗುವುದು ಎಂಬುದೆಲ್ಲ ಕೊರೆಯುವವನ ವಿವೇಕಕ್ಕೆ ಸೇರಿದ್ದು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರಗಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸಾಗಿದರೆ, ಲೇಬಲ್ಲಿನ ಸಮೀಪದಲ್ಲಿ 21 ಸೆಂಟಿಮೀಟರ್ ಸಾಗುವುದೂ ಕಷ್ಟ. ಅಷ್ಟು ಕಿರಿದಾದ ಹಾದಿಯಲ್ಲಿ ಅಷ್ಟೇ ನಾದವನ್ನು ತುರುಕಬೇಕಾದುದರಿಂದ, ಸಿಂಫನಿಯ ಅಂತ್ಯದ ಮಹಾಘೋಷವು ಅಲ್ಲಿಯೇ ಬರುವಂತಿದ್ದರೆ ಅದು ಒಡೆದು ಕರ್ಕಶವಾಗುವುದು. ಅಚ್ಚುಗಳನ್ನು ಹೋಲಿಸುವವನು ಮೊದಲು ಆ ಕೊನೆಯ ಗೀರುಗಳಿಗೆ ಮುಳ್ಳನ್ನಿಡಬೇಕು. ಕೊರೆದವನ ಯೋಗ್ಯತೆ ಅಲ್ಲಿ ಅಡಗಿರಲಾರದು.

ಲೇಬಲ್ಲಿಗೂ ಗೀರಿಗೂ ನಡುವೆ ಇರುವ ಬರಿಯ ವಲಯದಲ್ಲಿ ತಟ್ಟೆಯ ವಂಶಾವಳಿಯನ್ನು ಬರೆದಿರುತ್ತಾರೆ. ಇಂಗ್ಲೆಂಡಿನ ಹೇಸ್ ಊರಿನ ಗ್ರಾಮಫೋನ್ ಕಂಪನಿಯ ಕಾರ್ಖಾನೆಯವರು ಈ ಬರಹದಲ್ಲಿ ಬಹು ಶಿಸ್ತುಳ್ಳವರಾಗಿದ್ದರು. ಮೇಟ್ರಿಕ್ಸ್ ಸಂಖ್ಯೆಯ ತುದಿಯ ಅಂಕಿಯು ಎಷ್ಟನೆಯ ಸಲ ಕೊರೆದುದೆಂಬುದನ್ನೂ, ಎಡಗಡೆಯ ಅಂಕಿಯು ಎಷ್ಟನೆಯ ತಾಯಿಯೆಂಬುದನ್ನೂ, ಬಲಗಡೆಯ ಅಕ್ಷರಗಳು ಎಷ್ಟನೆಯ ಸ್ಟ್ಯಾಂಪರೆಂಬುದನ್ನೂ ತಿಳಿಸುತ್ತವೆ. ಆ ಅಕ್ಷರಗಳು ಕಂಪನಿಯ ಹೆಸರಿನಿಂದಲೇ ಆಯ್ದವು: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ ಎಂಬವು ಕ್ರಮವಾಗಿ 1ರಿಂದ 9, ಕಡೆಯ ಡಿ ಸೊನ್ನೆ. ಬರಿಯ ‘ಜಿ’ ಇದ್ದರೆ ಮೊದಲನೆಯ ಸ್ಟ್ಯಾಂಪರ್; ‘ಆರ್‌ಎ’ ಇದ್ದರೆ 23ನೆಯದು.

ಹೇಸ್‌ನ ತಟ್ಟೆಗಳ ಈ ಕಥೆಯಲ್ಲಿ ಮೈಸೂರಿನ ಪಾಲೂ ಉಂಟು. ಸ್ವತಃ ಪಿಯಾನೊ ಬಲ್ಲವರೂ, ಪಾಶ್ಚಾತ್ಯ ಸಂಗೀತದ ಅಪಾರವಾದ ತಟ್ಟೆಭಂಡಾರವನ್ನು ಅರಮನೆಯಲ್ಲಿ ಕೂಡಿಸಿದವರೂ ಆದ ಜಯಚಾಮರಾಜ ಒಡೆಯರು, ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾಗಲು 1940ರ ದಶಕದ ಕೊನೆಯಲ್ಲಿ ಧನಸಹಾಯವನ್ನಿತ್ತರು. ಅವನು ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು. ಧ್ವನಿಮುದ್ರಣದ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದವು ಶೈಶವದಲ್ಲಿದ್ದಾಗ ಅದಕ್ಕೂ ಮೈಸೂರಿನಿಂದ ಉದಾರವಾದ ನೆರವು ಸಂದಿತು. ಆ ವೃಂದವೇ ಮುಂದೆ ಒಟ್ಟೋ ಕ್ಲೆಂಪೆರರನ ನಿರ್ದೇಶನದಲ್ಲಿ ಬೀಥೋವನ್, ಬ್ರಾಮ್ಸರ ಸಿಂಫನಿಗಳನ್ನು, ಬಹುಮಟ್ಟಿಗೆ ಆ ಕಿಂಗ್ಸ್‌ವೇ ಹಾಲಿನಲ್ಲಿಯೇ, ನುಡಿಸಿತು. ಹೇಸ್‌ನಲ್ಲಿಯೇ ಅಚ್ಚಾಗಿ, ಇಂಗ್ಲೆಂಡಿನ ಕೊಲಂಬಿಯಾ ಹೆಸರಿನಲ್ಲಿ, ನೀಲಿ ಮತ್ತು ಬೆಳ್ಳಿ ಬಣ್ಣದ ಲೇಬಲ್ಲಿನೊಡನೆ ಹೊರಬಂದ ಅವುಗಳ ಮೊದಲ ಸ್ಟೀರಿಯೊ ಅಚ್ಚುಗಳಿಗಾಗಿ ಇಂದಿಗೂ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ. ತರುವಾಯದ ಕೆಂಪು ಲೇಬಲ್ಲಿನ ಅಚ್ಚುಗಳು ಬೆಲೆಯಲ್ಲಿ ಬಹಳ ಕೆಳಗಿನವು. ನನ್ನ ಕಿವಿಯ ಮಟ್ಟಿಗೆ ಹೇಳುವುದಾದರೆ, ನೀಲಿ ಲೇಬಲ್ಲಿನಲ್ಲಿ ಪಿಟೀಲುಗಳಿಗೆ ಒಂದು ಸ್ನಿಗ್ಧತೆಯೂ, ಮರದ ಸುಷಿರವಾದ್ಯಗಳಿಗೆ ಮುಟ್ಟಬಹುದೆನ್ನಿಸುವ ದೇಹವೂ ಉಂಟು. ಆದರೆ ಮೇಟ್ರಿಕ್ಸ್ ಸಂಖ್ಯೆ ಎರಡರಲ್ಲೂ ಒಂದೇ ಆಗಿರುವಲ್ಲಿ ಆ ಅಂತರವು ಬೆಲೆಯ ಅಂತರವನ್ನು ಸಮರ್ಥಿಸುವಷ್ಟಿಲ್ಲ. ಬಣ್ಣಕ್ಕೆ ಹಣವನ್ನು ತೆರುವವನು ಮೊದಲು ಸಂಖ್ಯೆಯನ್ನು ಓದಲಿ.

ಮೊದಲ ಅಚ್ಚಿನ ಆರಾಧನೆ ಎಲ್ಲಿ ಎಡವುವುದೆಂಬುದಕ್ಕೆ ಜಾಜ್ ತುತ್ತೂರಿವಾದಕ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ಗಿಂತ ಪ್ರಬಲವಾದ ನಿದರ್ಶನವನ್ನು ನಾನರಿಯೆ. ನ್ಯೂಯಾರ್ಕಿನ 30ನೆಯ ಬೀದಿಯಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ ಅಮೆರಿಕೆಯ ಕೊಲಂಬಿಯಾದವರು ನಡೆಸುತ್ತಿದ್ದ ಸ್ಟುಡಿಯೋದಲ್ಲಿ 1959ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಅದು ಮುದ್ರಿತವಾಯಿತು. ಮಾರ್ಚ್ ತಿಂಗಳ ದಿನ ಮುಖ್ಯವಾದ ಟೇಪ್ ಯಂತ್ರವು ಕಿಂಚಿತ್ ನಿಧಾನವಾಗಿ ಓಡುತ್ತಿದ್ದಿತು; ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿ ಕೊರೆದುದರಿಂದ, ತಟ್ಟೆಯ ಮೊದಲ ಪಾರ್ಶ್ವದ ಮೂರು ರಚನೆಗಳೂ ಶ್ರುತಿಯೇರಿ ಹೊರಬಂದವು. ತಂಬೂರಿಯನ್ನು ಬಲ್ಲ ನಮ್ಮವರಿಗೆ ಇದು ಎಂತಹ ಅಪಚಾರವೆಂದು ವಿವರಿಸಬೇಕಾಗಿಲ್ಲ. ತಟ್ಟೆಯೊಡನೆ ನುಡಿಸಿ ಕಲಿಯಹೊರಟವರು ತಮ್ಮ ವಾದ್ಯವನ್ನೇ ಏರಿಸಿಕೊಳ್ಳಬೇಕಾಗುತ್ತಿದ್ದಿತು. ಅಂದು ಜೊತೆಯಲ್ಲಿ ಓಡಿದ್ದ ಎರಡನೆಯ ಯಂತ್ರದ, ವೇಗ ತಪ್ಪದ ಟೇಪಿನಿಂದ 1992ರಲ್ಲಿ ಮರುಪ್ರಕಟಣೆ ಸಿದ್ಧವಾಗುವವರೆಗೆ, ಮೂವತ್ತಮೂರು ವರ್ಷ ಲೋಕವು ಆ ತಪ್ಪು ಶ್ರುತಿಯನ್ನೇ ಮೆಚ್ಚಿ ಕೇಳಿತು. ಮೊದಲ ಅಚ್ಚಿನಲ್ಲಿ ತುತ್ತೂರಿಯ ಉಸಿರು ಹೆಚ್ಚು ಸಜೀವವೆಂದು ಅದನ್ನೇ ಆರಿಸುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಶ್ರುತಿಯನ್ನು ಬಿಟ್ಟುಕೊಟ್ಟು ಪಡೆಯುವ ಸಜೀವತೆಯನ್ನು ಶ್ರೇಷ್ಠವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಹೊಸ ತಟ್ಟೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ 180 ಗ್ರಾಂ ತೂಕಕ್ಕೂ ನಾದಕ್ಕೂ ಇರುವ ನಂಟು ಅತ್ಯಲ್ಪ. ದಪ್ಪ ತಟ್ಟೆ ಸುಲಭವಾಗಿ ಬಾಗದು, ಅಷ್ಟೆ. ಸಂಪೂರ್ಣ ಅನಲಾಗ್ ಎಂದು ರಸಿಕರು ನಂಬಿ ಕೊಂಡಾಡಿದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಅನೇಕ ತಟ್ಟೆಗಳಲ್ಲಿ ಡಿಜಿಟಲ್ ಹಂತವೊಂದು ಇದ್ದಿತೆಂಬುದು 2022ರಲ್ಲಿ ಬಯಲಾದಾಗ ಎದ್ದ ಕೋಲಾಹಲದಲ್ಲಿಯೂ, ಕಿವಿಗೆ ಹಿತವಾಗಿದ್ದ ತಟ್ಟೆಯು ಆ ವಾರ್ತೆಯಿಂದ ಅಹಿತವಾಗಲಿಲ್ಲವೆಂಬುದನ್ನು ನೆನೆದವರು ವಿರಳ.

ಹೋಲಿಕೆಯು ನ್ಯಾಯವಾಗಬೇಕಾದರೆ ಕೆಲವು ಕಟ್ಟಳೆಗಳನ್ನು ಪಾಲಿಸಲೇಬೇಕು. ಎರಡು ತಟ್ಟೆಗಳನ್ನೂ ಚೆನ್ನಾಗಿ ತೊಳೆದು ಒಣಗಿಸಿರಬೇಕು. ಮುಳ್ಳು, ತೋಳು, ಸ್ಪೀಕರು ಒಂದೇ ಆಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಧ್ವನಿಯ ಪ್ರಮಾಣವನ್ನು ಸಮಗೊಳಿಸಬೇಕು, ಏಕೆಂದರೆ ಒಂದಿಷ್ಟು ಗಟ್ಟಿಯಾಗಿ ಕೇಳಿದುದೇ ಉತ್ತಮವೆಂದು ನಂಬುವುದು ಕಿವಿಯ ಸ್ವಭಾವ. ಯಾವ ತಟ್ಟೆ ತಿರುಗುತ್ತಿದೆಯೆಂಬುದು ಕೇಳುವವನಿಗೆ ತಿಳಿಯದಂತೆ ಮನೆಯವರೊಬ್ಬರು ಬದಲಾಯಿಸುತ್ತಿದ್ದರೆ ಇನ್ನೂ ಒಳಿತು. ದೀರ್ಘವಾಗಿ ನಿಂತ ಪಿಯಾನೊ ಸ್ವರವು ಅಲುಗಾಡಿದರೆ ನಡುವಿನ ತೂತು ಕೇಂದ್ರ ತಪ್ಪಿದೆಯೆಂದರ್ಥ. ಆ ದೋಷವಿದ್ದಲ್ಲಿ ಎಂತಹ ಪ್ರಸಿದ್ಧ ಅಚ್ಚೂ ನಿರರ್ಥಕ.

ಈ ವಿಚಾರವು ನಮ್ಮ ಮನೆಗಳಿಗೂ ಸಲ್ಲುವುದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಎಚ್‌ಎಂವಿ ತಟ್ಟೆಗಳು ಕಲ್ಕತ್ತೆಯ ಸಮೀಪದ ಡಂ ಡಂ ಕಾರ್ಖಾನೆಯಲ್ಲಿ ಅಚ್ಚಾದವು. ಅವುಗಳ ಅಚ್ಚುಗಳನ್ನು ಹೇಸ್‌ನ ತಟ್ಟೆಗಳಷ್ಟು ಆಸ್ಥೆಯಿಂದ ಹೋಲಿಸಿ ಬರೆದಿಟ್ಟವರು ನಮ್ಮಲ್ಲಿ ಕಡಮೆ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಅವು ತೂಕದ ವಸ್ತುಗಳಂತೆ ಮಾರಾಟವಾಗುವುದನ್ನು ಕಂಡಾಗ ಮನಸ್ಸಿಗೆ ವ್ಯಥೆಯಾಗುತ್ತದೆ. ಓದುಗರ ಮನೆಯ ಅಟ್ಟದಲ್ಲಿ ಅಂತಹ ತಟ್ಟೆಯಿದ್ದರೆ, ಗುಜರಿಗೆ ಹಾಕುವ ಮುನ್ನ ಅದನ್ನು ತೊಳೆದು, ಲೇಬಲ್ಲಿನ ಸುತ್ತಲ ಅಂಕಿ ಅಕ್ಷರಗಳನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಅದೇ ಗಾಯನದ ಇನ್ನೊಂದು ಪ್ರತಿ ನೆಂಟರಲ್ಲಿಯೋ ಮಿತ್ರರಲ್ಲಿಯೋ ಇದ್ದರೆ ಕೇಳಿ ತರಿಸಿ, ಎರಡನ್ನೂ ಒಂದೇ ಸಂಜೆ ಹಾಕಿ ಆಲಿಸಿರಿ, ಉತ್ತಮವಾದುದನ್ನು ಉಳಿಸಿಕೊಳ್ಳಿರಿ.