ಮುಟ್ಟಿನ ನುಡಿಗಟ್ಟು ಮತ್ತು ಪಿಸಿಓಎಸ್: ಮಂಡ್ಯ ಸೀಮೆಯ ಹಿನ್ನೆಲೆಯಲ್ಲಿ

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಆಡುನುಡಿಯಲ್ಲಿ ಮುಟ್ಟಿನ ಕುರಿತ ಪದಸಂಪತ್ತು ದೊಡ್ಡದು. ಹೆಣ್ಣುಮಗಳು 'ಮೈನೆರೆಯುತ್ತಾಳೆ', 'ದೊಡ್ಡವಳಾಗುತ್ತಾಳೆ', ತಿಂಗಳಿಗೊಮ್ಮೆ 'ಹೊರಗಾಗುತ್ತಾಳೆ'. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಎಳ್ಳುಬೆಲ್ಲದ ಚಿಗಳಿ ತಿನ್ನಿಸುವುದು, ಆರತಿ ಎತ್ತುವುದು ಇವೆಲ್ಲ ಮೊದಲ ಮುಟ್ಟನ್ನು ಊರಿಗೆ ಸಾರುವ ಆಚರಣೆಗಳು. ನೆರೆದ ಮೇಲೆ ಮುಟ್ಟು ತಿಂಗಳುಗಟ್ಟಲೆ ತಪ್ಪಿದರೆ ಮಾತ್ರ ಸಾರುವವರಿಲ್ಲ. ಮದುವೆಯ ಮಾತು ಮುರಿದೀತೆಂಬ ಅಂಜಿಕೆ ಅದನ್ನು ಮನೆಯೊಳಗೇ ಮುಚ್ಚಿಡುತ್ತದೆ. ಮದುವೆಯಾಗಿ ಮಕ್ಕಳಾಗದಾಗ ಒಂದು ಪದ ಸಿದ್ಧವಾಗಿರುತ್ತದೆ: 'ಬಂಜೆ'. ನಾಗರಕಲ್ಲಿಗೆ ಸುತ್ತುಬರುವ ಹರಕೆ ಅವಳ ಪಾಲಿಗೆ ಬರುತ್ತದೆ. ಈ ಪದ ಕಾರಣವನ್ನು ಹೇಳುವುದಿಲ್ಲ, ಹೊಣೆಯನ್ನು ಹೊರಿಸುತ್ತದೆ.

ಇಂತಹ ಅನೇಕ ಪ್ರಸಂಗಗಳ ಹಿಂದಿರುವ ಕಾರಣ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್. ಷಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ 7 ಮಂದಿ ಸ್ತ್ರೀಯರಲ್ಲಿ ಇದನ್ನು ವಿವರಿಸಿದರು. 'ನೀರುಗುಳ್ಳೆ' ಎಂಬ ಬಳಕೆಯ ಮಾತು ಇಲ್ಲಿ ದಾರಿತಪ್ಪಿಸುತ್ತದೆ. ಅವು ಗಡ್ಡೆಗಳಲ್ಲ, ಅರ್ಧ ಬೆಳೆದು ನಿಂತ ಅಂಡಕೋಶಿಕೆಗಳು.

ಅವು ನಿಲ್ಲುವುದಕ್ಕೆ ಮೂಲ ಅಂಡಾಶಯವೊಂದರಲ್ಲೇ ಇಲ್ಲ. ಮಿದುಳಿನ ಹೈಪೊಥಲಾಮಸ್ ಮಿಡಿತ ಮಿಡಿತವಾಗಿ ಜಿಎನ್‌ಆರ್‌ಎಚ್ ಹಾರ್ಮೋನನ್ನು ಬಿಡುತ್ತದೆ. ಪಿಸಿಓಎಸ್‌ನಲ್ಲಿ ಈ ಮಿಡಿತ ಬಿರುಸಾಗುತ್ತದೆ. ಆಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನು ಹೆಚ್ಚಾಗಿಯೂ ಎಫ್‌ಎಸ್‌ಎಚ್ ಅನ್ನು ಅದಕ್ಕೆ ಹೋಲಿಸಿದರೆ ಕಡಿಮೆಯಾಗಿಯೂ ಸ್ರವಿಸುತ್ತದೆ. ಎಲ್‌ಎಚ್ ಅಂಡಾಶಯದಿಂದ ಟೆಸ್ಟೊಸ್ಟೆರೋನ್ ಹೊರಡಿಸುತ್ತದೆ. ಎಫ್‌ಎಸ್‌ಎಚ್ ಸಾಲದೆ ಅಂಡ ಬಲಿಯುವುದಿಲ್ಲ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರೋನ್ ಇಲ್ಲ. ಮಿಡಿತವನ್ನು ನಿಧಾನಿಸಬೇಕಾದದ್ದು ಆ ಪ್ರೊಜೆಸ್ಟೆರೋನೇ. ಹೀಗೆ ಸುಳಿ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದೂ ಟೆಸ್ಟೊಸ್ಟೆರೋನನ್ನೇ ಹೆಚ್ಚಿಸುತ್ತದೆ. ಮುಖದ ಕೂದಲು, ಮೊಡವೆಗಳಿಗೆ ಇದೇ ಕಾರಣ.

ನರಗಳ ಪಾತ್ರ ತಡವಾಗಿ ಬೆಳಕಿಗೆ ಬಂದಿತು. ಹೃದಯಬಡಿತವನ್ನು, ರಕ್ತನಾಳಗಳ ಬಿಗಿತವನ್ನು ಏರಿಸುವ ಸಿಂಪಥೆಟಿಕ್ ನರಗಳು ಅಂಡಾಶಯಕ್ಕೂ ಹೋಗುತ್ತವೆ. ಸ್ವೀಡನ್ನಿನ ಸಂಶೋಧಕರು 2008ರಲ್ಲಿ ಪಿಸಿಓಎಸ್ ಇರುವ ಸ್ತ್ರೀಯರಲ್ಲಿ ಈ ನರಚಟುವಟಿಕೆಯನ್ನು ನೇರವಾಗಿ ಅಳೆದಾಗ ಅದು ಹೆಚ್ಚಾಗಿತ್ತು. ಟೆಸ್ಟೊಸ್ಟೆರೋನ್ ಪ್ರಮಾಣದೊಂದಿಗೆ ಸಂಬಂಧವನ್ನೂ ತೋರಿತು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇತ್ಯರ್ಥವಾಗಿಲ್ಲ.

ಜನಪದ ಅಧ್ಯಯನಕಾರರು ಇಲ್ಲಿ ಆತುರಪಡಬಾರದು. ಕೊರಗಿನಿಂದ ಮುಟ್ಟು ನಿಲ್ಲುತ್ತದೆಂಬ ಹಳ್ಳಿಯ ನಂಬಿಕೆಗೆ ಆಧಾರವುಂಟು. ಆದರೆ ಆಗ ಹೈಪೊಥಲಾಮಸ್‌ನ ಮಿಡಿತ ಕುಂದುತ್ತದೆ. ಪಿಸಿಓಎಸ್‌ನಲ್ಲಿ ಅದು ಹೆಚ್ಚುತ್ತದೆ. ಎರಡನ್ನೂ ಒಂದೇ ಎಂದು ಬಗೆದು ಜನಪದರ ಜಾಣ್ಮೆಯನ್ನು ಹೊಗಳಿದರೆ ನಷ್ಟವಾಗುವುದು ರೋಗಿಗೆ.

ಮುಚ್ಚಿಡುವುದರ ಅಪಾಯವೂ ಸಣ್ಣದಲ್ಲ. ಪ್ರೊಜೆಸ್ಟೆರೋನ್ ಇಲ್ಲದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋದರೆ ಮುಂದೆ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ. ನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಏರುಪೇರಾಗುವುದು ಸಹಜ. ಆಮೇಲೂ ಹಾಗೆಯೇ ಇದ್ದರೆ ಪರೀಕ್ಷೆ ಅಗತ್ಯ. ಲೆಟ್ರೊಜೋಲ್‌ನಂತಹ ಮಾತ್ರೆಗಳಿಂದ ಅಂಡ ಬಿಡುಗಡೆಯಾಗಿ ಎಷ್ಟೋ ಸ್ತ್ರೀಯರು ತಾಯಂದಿರಾಗುತ್ತಾರೆ. ಕೆಲವರಿಗೆ ಔಷಧಿಯೂ ಬೇಕಾಗುವುದಿಲ್ಲ. 'ಬಂಜೆ' ಎಂಬ ಪದ ಅವರಲ್ಲಿ ಯಾರನ್ನೂ ವರ್ಣಿಸುವುದಿಲ್ಲ.