ವಾರಂಟಿಯ ನಂತರವೂ ಕೆಡುವ ಹೊಸ ಕಾರು

ಅರಸೀಕೆರೆ ಸೀಮೆಯ ತೆಂಗು ಬೆಳೆಗಾರರ ಮನೆಗಳಿಗೂ ಈಗ ಕಾರು ಬಂದಿದೆ. ಸಂತೋಷವೇ. ಆದರೆ ಸಾಲ ಮಾಡಿ ತಂದ ಹೊಸ ವಾಹನವು ವಾರಂಟಿಯಲ್ಲಿ ಮೂರು ಬಾರಿ ರಿಪೇರಿಯಾಗಿಯೂ ಬೇಲೂರು–ಹಳೇಬೀಡಿನ ದಾರಿಯಲ್ಲಿ ಸಂಸಾರಸಮೇತ ನಿಂತುಬಿಟ್ಟರೆ? ನಮ್ಮ ಬಂಧುಗಳೊಬ್ಬರಿಗೆ ಹೀಗೆಯೇ ಆಯಿತು. ಬೇರೆ ಕಾರನ್ನೇ ಕೊಡಲಿ ಎಂದು ಅವರು ಹಟ ಹಿಡಿದರು.

ಅವರ ಕೋಪ ನ್ಯಾಯವಾದುದೇ. ಬೇಡಿಕೆ ಮಾತ್ರ ಸುಲಭವಲ್ಲ. ವಾರಂಟಿಯೆಂಬುದು ಸಾಮಾನ್ಯವಾಗಿ ಕೆಟ್ಟ ಭಾಗವನ್ನು ಸರಿಪಡಿಸುವ ಇಲ್ಲವೆ ಬದಲಿಸುವ ಕರಾರು. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಹೇಳಿ, ಇಡೀ ಕಾರನ್ನು ಬದಲಿಸಬೇಕೆಂಬ ಆದೇಶವನ್ನು ಒಪ್ಪಲಿಲ್ಲ. ತಯಾರಿಕೆಯಲ್ಲಿಯೇ ದೋಷವಿದೆಯೆಂದು ವಾದಿಸುವವರಿಗೆ ತಜ್ಞರ ವರದಿ ಬಲ ಕೊಡುತ್ತದೆ.

ಅದಕ್ಕೂ ಮೊದಲು ಬೇಕಾದುದು ಜಾಬ್ ಕಾರ್ಡ್. ಪ್ರತಿ ಬಾರಿಯೂ ದೂರನ್ನು ದಿನಾಂಕ, ಓಡಿದ ಕಿಲೋಮೀಟರುಗಳ ಸಹಿತ ಬರೆಸಿ, ಪ್ರತಿಯನ್ನು ಕೇಳಿ ಪಡೆಯಬೇಕು. 'ಜನರಲ್ ಚೆಕಪ್' ಎಂದು ಗೀಚಿದ ಚೀಟಿಯಿಂದ ಏನನ್ನು ಸಾಧಿಸಲಾದೀತು? ಬಂಧುಗಳ ಕೈಯಲ್ಲಿದ್ದುದು ಅಂಥ ಮೂರು ಚೀಟಿಗಳೇ!

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈಯಿಂದ ಜಾರಿಯಲ್ಲಿದೆ. ಷೋರೂಂ ಬೆಂಗಳೂರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಈ ಮೂರೂ ಊರುಗಳವರಿಗೆ ಹಾಸನವೇ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. ವಕೀಲರು ಕಡ್ಡಾಯವಲ್ಲ. ಅಷ್ಟು ದೂರ ಹೋಗುವ ಮುನ್ನ ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ನೋಟೀಸು ಕೊಡುವುದು ಲೇಸು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.