ಎಡ್ವರ್ಡಿಯನ್ ಉಡುಪು ಹೊಲಿಯೋದು ಹೇಗೆ? ಕತ್ತರಿಗೂ ಮೊದಲು ಅಳತೆ, ಅಳತೆಗೂ ಮೊದಲು ಒಳಲಂಗ

ನೆಲ ಮುಟ್ಟುವಷ್ಟು ಉದ್ದ ಲಂಗ, ಕೊರಳು ಮುಚ್ಚುವ ಕಾಲರ್, ಪಾರಿವಾಳದ ಎದೆಯಂತೆ ಮುಂದಕ್ಕೆ ಉಬ್ಬಿದ ಬ್ಲೌಸ್, ತಲೆ ಮೇಲೆ ಅಗಲ ಹ್ಯಾಟ್. ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಫೋಟೊಗಳಲ್ಲಿ ಕಾಣುವ ಈ ಉಡುಪನ್ನು ಹೊಲಿಸಿಕೊಂಡು ಹಾಕಿಕೊಳ್ಳುವವರು ಇವತ್ತಿಗೂ ಇದ್ದಾರೆ. ಗುಂಪು ಕಟ್ಟಿಕೊಂಡು, ಎಲ್ಲರೂ ಅದೇ ಕಾಲದ ಬಟ್ಟೆ ತೊಟ್ಟು, ಹಳೇ ಬಂಗಲೆ ತೋಟಕ್ಕೋ ಉಗಿಬಂಡಿ ಸವಾರಿಗೋ ಹೋಗಿ ಬರುವುದು ಅಲ್ಲಿ ಒಂದು ಹವ್ಯಾಸ. ಡರ್ಹಮ್ ಕೌಂಟಿಯ ಬೀಮಿಷ್ ಮ್ಯೂಸಿಯಂನಲ್ಲಂತೂ ಆ ಕಾಲದ ಒಂದು ಪೇಟೆಯನ್ನೇ ಅಂಗಡಿ, ಟ್ರಾಮ್ ಸಮೇತ ನಿಲ್ಲಿಸಿದ್ದಾರೆ.

ಅಲ್ಲಿರುವ ಮಗಳೋ ಸೊಸೆಯೋ ಫೋಟೊ ಕಳಿಸಿ ‘ಇದೇ ಥರ ಹೊಲಿಸಿ ಕಳಿಸಿ’ ಅಂದರೆ? ಕಾಲೇಜು ನಾಟಕಕ್ಕೆ ಇಂಥದೇ ಆರ್ಡರ್ ಬಂದರೆ? ಫೋಟೊ ನೋಡಿ ನೇರ ಕತ್ತರಿ ಹಾಕಿದರೆ 7–8 ಮೀಟರ್ ಬಟ್ಟೆ ದಂಡ. ಕ್ರಮ ಗೊತ್ತಿದ್ದರೆ ನಮ್ಮ ಟೈಲರ್‌ಗಳ ಕೈಗೆ ಇದು ಸಿಗದ ಕೆಲಸವೇನಲ್ಲ.

ಯಾವ ಕಾಲದ್ದು?

ಬ್ರಿಟನ್ನಿನ ರಾಜ ಏಳನೇ ಎಡ್ವರ್ಡ್ ಆಳಿದ್ದು 1901ರಿಂದ 1910ರವರೆಗೆ. ಅವನ ಹೆಸರಿನಿಂದಲೇ ‘ಎಡ್ವರ್ಡಿಯನ್’. ನಮ್ಮ ಕಡೆ ಲೆಕ್ಕ ಬೇಕಾದರೆ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದಿದ್ದು 1902ರಲ್ಲಿ, ಅದೇ ಕಾಲ. ಹಗಲು ಹೊತ್ತು ಹೊರಗೆ ಓಡಾಡಲು ಶಿಕ್ಷಕಿಯರು, ಟೈಪಿಸ್ಟ್‌ಗಳು, ಅಂಗಡಿ ಕೆಲಸದ ಹೆಣ್ಣುಮಕ್ಕಳು ಹೆಚ್ಚಾಗಿ ಹಾಕುತ್ತಿದ್ದದ್ದು ಬಿಳಿ ಬ್ಲೌಸು, ಗಾಢ ಬಣ್ಣದ ಲಂಗ. ಹೊಸದಾಗಿ ಹೊಲಿಯುವವರಿಗೂ ಈ ಜೋಡಿಯೇ ಸುಲಭ.

ಸಣ್ಣ ಸೊಂಟದ ಗುಟ್ಟು

ಫೋಟೊದಲ್ಲಿ ಸೊಂಟ ಹಿಡಿ ಗಾತ್ರ ಕಾಣುತ್ತೆ. ಬಿಗಿದು ಕಟ್ಟಿದ್ದರಿಂದಲೇ ಹಾಗೆ ಅಂತ ತಿಳಿಯಬೇಡಿ. ಎದೆಯ ಮುಂದೆ ಬಟ್ಟೆ ಉಬ್ಬಿಸಿ, ಸೊಂಟದ ಕೆಳಗೆ ಹಿಂದುಗಡೆ ಪುಟ್ಟ ದಿಂಬಿನಂಥ ಪ್ಯಾಡ್ ಇಡುತ್ತಿದ್ದರು. ಮೇಲೂ ಕೆಳಗೂ ತುಂಬಿಕೊಂಡರೆ ನಡುವಿನ ಜಾಗ ತಾನಾಗಿ ಸಣ್ಣ ಕಾಣುತ್ತೆ, ಅಷ್ಟೇ. ಫೋಟೊ ತೆಗೆದ ಮೇಲೆ ಸೊಂಟ ತಿದ್ದಿ ಸಣ್ಣ ಮಾಡುವುದೂ ಆಗ ಇತ್ತು.

ಹಾಗಾಗಿ ಗಿರಾಕಿ ‘ಸೊಂಟ ಎರಡು ಇಂಚು ಕಮ್ಮಿ ಇಡಿ, ಬಿಗಿ ಮಾಡ್ಕೋತೀನಿ’ ಅಂದರೆ ಒಪ್ಪಬೇಡಿ. ದಿನವಿಡೀ ನಡೆದಾಡಬೇಕು, ಕೂರಬೇಕು, ಊಟ ಮಾಡಬೇಕು. ಉಸಿರು ಕಟ್ಟುವ ಬಟ್ಟೆ ಯಾರಿಗೂ ಬೇಡ. ಹತ್ತಿ ತುಂಬಿದ ಪ್ಯಾಡಿಗೆ ಲಾಡಿ ಹಾಕಿ ಕೊಡಿ, ಕೆಲಸ ಆಗುತ್ತೆ.

ಮೊದಲು ಒಳಲಂಗ, ಆಮೇಲೆ ಅಳತೆ

ಹೆಚ್ಚಿನವರು ತಪ್ಪುವುದು ಇಲ್ಲೇ. ಮೈ ಅಳತೆ ತೆಗೆದು ಮೇಲಿನ ಲಂಗ ಹೊಲಿದುಬಿಡುತ್ತಾರೆ. ಒಳಗೆ ಪ್ಯಾಡು, ಒಳಲಂಗ ಹಾಕಿದ ಕೂಡಲೇ ಹುಕ್ಕು ಕೂರುವುದಿಲ್ಲ, ಹಿಂದುಗಡೆ ಲಂಗ ಮೇಲೇಳುತ್ತೆ. ಆದ್ದರಿಂದ ಪ್ಯಾಡು, ಕೆಳಗೆ ಫ್ರಿಲ್ ಇರುವ ಒಳಲಂಗ ಮೊದಲು ಹೊಲಿಯಿರಿ. ಅವನ್ನು ತೊಡಿಸಿ, ಹೊರಡುವ ದಿನ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಸಿ, ಆಮೇಲೆ ಟೇಪು ಹಿಡಿಯಿರಿ. ಕಾರ್ಸೆಟ್ ಹಾಕುವವರಾದರೆ ಅದರ ಮೇಲೆಯೇ ಅಳತೆ. ಗಿರಾಕಿ ದೂರದಲ್ಲಿದ್ದರೆ ಒಳಬಟ್ಟೆಗಳನ್ನು ಮೊದಲು ಕಳಿಸಿ, ಅವನ್ನು ತೊಟ್ಟು ತೆಗೆದ ಅಳತೆ ತರಿಸಿಕೊಳ್ಳಿ.

ಲಂಗ: ಏಳು ಪೀಸು

ಸೀರೆಯೊಳಗಿನ ಆರು ಪೀಸಿನ ಲಂಗ ಹೊಲಿದವರಿಗೆ ಇದು ಹೊಸದಲ್ಲ. ಮುಂದೆ ನಡುವಿಗೆ ಒಂದು, ಆಚೆ ಈಚೆ ಮೂರು ಮೂರು. 44 ಇಂಚು ಪನ್ನದ ಬಟ್ಟೆಯಾದರೆ ಸುಮಾರು 5 ಮೀಟರ್ ಬೇಕು. ತೆಳು ಉಣ್ಣೆ, ದಪ್ಪ ಕಾಟನ್, ಲಿನನ್ ಯಾವುದಾದರೂ ಸರಿ. ಮಿರಮಿರ ಮಿಂಚುವ ಪಾಲಿಯೆಸ್ಟರ್ ಬೇಡ.

ಪಕ್ಕದ ಪೀಸುಗಳಿಗೆ ಒಂದು ಅಂಚು ನೇರ, ಇನ್ನೊಂದು ಓರೆ. ನೇರ ಅಂಚು ಯಾವಾಗಲೂ ಮುಂದಿನ ಕಡೆಗೆ ಬರಲಿ. ಆಗ ಮುಂಭಾಗ ಚಪ್ಪಟೆಯಾಗಿ ಇಳಿದು, ಗೇರು ಹಿಂದಕ್ಕೆ ಸರಿಯುತ್ತೆ. ಹಿಂದಿನ ನಡು ಹೊಲಿಗೆಯಲ್ಲಿ ಎರಡು ಓರೆ ಅಂಚು ಸೇರುವುದರಿಂದ ಅಲ್ಲಿ ಸಣ್ಣ ಟೇಪು ಇಟ್ಟು ಹೊಲಿಯಿರಿ, ಇಲ್ಲದಿದ್ದರೆ ಜೋಲುತ್ತೆ. ನೆರಿಗೆ ಏನಿದ್ದರೂ ಹಿಂದೆ ಮಾತ್ರ. ತೆರೆಯುವ ಜಾಗವೂ ಹಿಂದೆಯೇ, ಹುಕ್ಕು ಹಾಕಿ. ಜಿಪ್ ಬಟ್ಟೆಗೆ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ.

ಪಟ್ಟಿ ಹೊಲಿದ ಮೇಲೆ ಲಂಗವನ್ನು ಒಂದು ರಾತ್ರಿ ನೇತುಹಾಕಿ. ಓರೆ ಬಟ್ಟೆ ಎಳೆದುಕೊಂಡು ಇಳಿಯುತ್ತೆ. ಮರುದಿನ ತೊಡಿಸಿ, ನೆಲದಿಂದ ಮೇಲಕ್ಕೆ ಸ್ಕೇಲಿಟ್ಟು ಸುತ್ತಲೂ ಎರಡು ಇಂಚು ಗುರುತು ಮಾಡಿ ಮಡಚಿ. ನಡೆಯುವ ಲಂಗಕ್ಕೆ ಅಷ್ಟು ಎತ್ತರ ಇದ್ದರೆ ಧೂಳೂ ಹಿಡಿಯೋಲ್ಲ, ಕಾಲಿಗೂ ಸಿಗೋಲ್ಲ.

ಬ್ಲೌಸು: ನಾಲ್ಕು ಟಕ್ಸಿನ ಲೆಕ್ಕ ಬಿಡಿ

ಸೀರೆ ಬ್ಲೌಸಿನ ಹಾಗೆ ಎದೆಗೆ ಟಕ್ಸ್ ಹಿಡಿದರೆ ಇದರ ಚಂದವೇ ಹೋಗುತ್ತೆ. ಮುಂಭಾಗ ಸಡಿಲ ಬಿಟ್ಟು, ನಡುವಲ್ಲಿ ಎರಡು ಇಂಚು ಉದ್ದ ಹೆಚ್ಚು ಇಟ್ಟು, ಸೊಂಟದ ಹತ್ತಿರ ಲಾಡಿಯಿಂದ ಸೇರಿಸಬೇಕು. ಆಗ ಪಾರಿವಾಳದ ಉಬ್ಬು ಬರುತ್ತೆ. ಸೊಂಟದಿಂದ ಕೆಳಗೆ ನಾಲ್ಕೈದು ಇಂಚು ಬಟ್ಟೆ ಇರಲಿ, ಲಂಗದೊಳಗೆ ಹೋಗಲಿಕ್ಕೆ. ಮಲ್ ಅಥವಾ ವಾಯಿಲ್ ಎರಡೂವರೆ ಮೀಟರ್ ಸಾಕಾಗುತ್ತೆ.

ಎದೆ ಮೇಲೆ ಸಾಲು ಪಿನ್ ಟಕ್ ಬೇಕಾದರೆ ಮೊದಲು ಬಟ್ಟೆಗೆ ಟಕ್ ಹೊಲಿದು, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ಕಾಲು ಇಂಚಿನ ಅರ್ಧದಷ್ಟು ಸಣ್ಣ ಟಕ್ ಒಂದೊಂದೂ ಕಾಲು ಇಂಚು ಬಟ್ಟೆ ತಿನ್ನುತ್ತೆ. 20 ಟಕ್ಕಿಗೆ 5 ಇಂಚು ಹೋಯಿತು. ತೋಳು ಮಣಿಕಟ್ಟಿನ ಹತ್ತಿರ ಸಡಿಲವಾಗಿದ್ದು, ಕಫ್‌ಗೆ ನೆರಿಗೆ ಹಿಡಿದು ಸೇರಲಿ. ಕಾಲರ್ ಒಂದೂವರೆ–ಎರಡು ಇಂಚು.

ಮಿಷನ್ ಯಾವುದು?

ನಮ್ಮ ಕಾಲು ತುಳಿಯುವ ಮಿಷನ್ ಸಾಕು. ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಎಡ್ವರ್ಡಿಯನ್ ಬ್ಲೌಸುಗಳೂ ಮಿಷನ್ ಹೊಲಿಗೆಯವೇ. ಓವರ್‌ಲಾಕ್ ಮಾತ್ರ ಬೇಡ. ತೆಳು ಬಟ್ಟೆಗೆ ಮೊದಲು ಹೊರಗಡೆ ಹೊಲಿದು, ಅಂಚು ಸಣ್ಣಗೆ ಕತ್ತರಿಸಿ, ತಿರುಗಿಸಿ ಒಳಗಡೆ ಇನ್ನೊಂದು ಹೊಲಿಗೆ ಹಾಕಿದರೆ ಎಳೆ ಬಿಡುವುದಿಲ್ಲ.

ಕೂಲಿ ಮಾತಾಡುವಾಗ ಒಂದು ಲಂಗ, ಒಂದು ಬ್ಲೌಸು ಅಂತ ಹೇಳಬೇಡಿ. ಪ್ಯಾಡು, ಒಳಲಂಗ, ಟಕ್, ಕಾಜಾ, ಟ್ರಯಲ್ ಎಲ್ಲ ಬಿಡಿಬಿಡಿಯಾಗಿ ಬರೆದು ತೋರಿಸಿ, ಅಡ್ವಾನ್ಸ್ ತಗೊಳ್ಳಿ. ಬ್ಲೌಸನ್ನು ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ಕೂರಿಸಿ ನೋಡಿ. ಕೋರಾ ಹಾಳಾದರೆ ನಷ್ಟ ಸ್ವಲ್ಪ, ಲೇಸು ಹಾಕಿದ ವಾಯಿಲ್ ಹಾಳಾದರೆ ಗಿರಾಕಿಯೂ ಹೋದರು, ಕೂಲಿಯೂ ಹೋಯಿತು.